ನಗು ತಾನಾಗಿಯೇ ಬಂತು, ನಾನಾಗಿಯೇ ನಗಲಿಲ್ಲ

ಯಾರ ಯತ್ನವೂ ಇಲ್ಲದೆ ನಡೆಯುವುದನ್ನು ಹೇಳಬೇಕಾದಾಗ ‘ತಾನಾಗಿಯೇ’ ಎಂಬ ಕ್ರಿಯಾವಿಶೇಷಣ ಮೊದಲು ನಾಲಿಗೆಗೆ ಬರುತ್ತದೆ. ಅದನ್ನು ಬರೆಯುವ ಮುನ್ನ ವಾಕ್ಯದ ಕರ್ತೃಪದ ಯಾವುದೆಂದು ನೋಡಿಕೊಳ್ಳಿ. ಈ ಪದದೊಳಗಿರುವ ‘ತಾನು’ ಎಂಬ ಸರ್ವನಾಮ ಕರ್ತೃವನ್ನೇ ಹಿಡಿದುಕೊಳ್ಳುತ್ತದೆ. ‘ಹೆಪ್ಪು ಹಾಕಿಟ್ಟ ಹಾಲು ಬೆಳಗಾಗುವಷ್ಟರಲ್ಲಿ ತಾನಾಗಿಯೇ ಮೊಸರಾಗುತ್ತದೆ’ ಎಂಬಲ್ಲಿ ಹಾಲಿಗೆ ಇಚ್ಛೆಯಿಲ್ಲದ ಕಾರಣ ಗೊಂದಲವಿಲ್ಲ. ಆದರೆ ‘ಅವನು ತಾನಾಗಿಯೇ ಬಂದ’ ಎಂದರೆ ಯಾರೂ ಕರೆಯದೆ, ಸ್ವಂತ ಮನಸ್ಸಿನಿಂದ ಬಂದ ಎಂದರ್ಥ. ಒಂದೇ ಪದ ಒಂದೆಡೆ ಇಚ್ಛೆಯ ಅಭಾವವನ್ನೂ ಇನ್ನೊಂದೆಡೆ ಇಚ್ಛೆಯನ್ನೂ ಸೂಚಿಸುತ್ತದೆ.

ಕನ್ನಡ ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ‘ನಾನು ತಾನಾಗಿಯೇ ನಕ್ಕೆ’ ಎಂಬುದು ತಪ್ಪು. ‘ನಾನಾಗಿಯೇ ನಕ್ಕೆ’ ಎಂದು ತಿದ್ದಿದರೆ ವ್ಯಾಕರಣ ಸರಿಹೋದರೂ ಬೇಕೆಂದೇ ನಕ್ಕಂತಾಗುತ್ತದೆ. ತಡೆಯಲಾಗದೆ ಬಂದ ನಗುವನ್ನು ಹೇಳಲು ನಗುವನ್ನೇ ಕರ್ತೃವಾಗಿಸಿ, ವ್ಯಕ್ತಿಯನ್ನು ಚತುರ್ಥಿ ವಿಭಕ್ತಿಗೆ ಸರಿಸಬೇಕು: ‘ನನಗೆ ನಗು ತಾನಾಗಿಯೇ ಬಂತು.’ ವ್ಯಕ್ತಿಯೇ ಕರ್ತೃವಾಗಿ ಉಳಿಯಬೇಕಾದರೆ ‘ನನಗೆ ಅರಿವಿಲ್ಲದೆಯೇ ನಕ್ಕುಬಿಟ್ಟೆ’ ಎನ್ನಬಹುದು.

ಕ್ರಿಯಾಪದವೂ ಒಪ್ಪಬೇಕು. ‘ದೀಪ ತಾನಾಗಿಯೇ ಆರಿತು’ ಎನ್ನುವಲ್ಲಿ ‘ಆರು’ ಅಕರ್ಮಕ ಧಾತು. ‘ಇಸು’ ಸೇರಿ ‘ಆರಿಸು’ ಆದೊಡನೆ ಆರಿಸುವವನೊಬ್ಬ ಬಂದುಬಿಡುತ್ತಾನೆ. ‘ತೆರೆ’ಯಂತಹ ಧಾತುಗಳಿಗೆ ‘ಕೊಳ್ಳು’ ಸೇರಿಸಿ ‘ಬಾಗಿಲು ತಾನಾಗಿಯೇ ತೆರೆದುಕೊಂಡಿತು’ ಎನ್ನುವುದು ಕಿವಿಗೆ ಹಿತ. ಕರ್ತೃ ಬಹುವಚನವಾದರೆ, ಎಚ್ಚರದ ಬರವಣಿಗೆಯಲ್ಲಿ ‘ಗಾಯಗಳು ತಾವಾಗಿಯೇ ಮಾಗಿದವು’ ಎಂದಿರಲಿ. ‘ತಂತಾನೆ’ಗೆ ಈ ಕಟ್ಟಿಲ್ಲ, ‘ಎಲೆಗಳು ತಂತಾನೆ ಉದುರಿದವು’ ಎಂದರೂ ನಡೆಯುತ್ತದೆ.

‘ಅನಾಯಾಸವಾಗಿ’ ಎಂಬುದನ್ನು ಇದರ ಪರ್ಯಾಯವೆಂದು ಭಾವಿಸಬಾರದು: ಅನಾಯಾಸವಾಗಿ ಬೆಟ್ಟ ಹತ್ತಿದವಳಿಗೆ ಶ್ರಮವಾಗಿರಲಿಲ್ಲ, ಆದರೆ ಹತ್ತುತ್ತಿರುವ ಅರಿವು ಖಂಡಿತ ಇತ್ತು. ‘ಸ್ವಯಂಚಾಲಿತವಾಗಿ’ ಯಂತ್ರಗಳಿಗೆ ಸರಿ, ಕಣ್ಣೀರಿಗಲ್ಲ.

ಅಭ್ಯಾಸಬಲದಿಂದ ನಡೆಯುವ ಕೆಲಸಗಳಿಗೆ ಕನ್ನಡದಲ್ಲಿ ನನಗೆ ಬಹಳ ಪ್ರಿಯವಾದ ದಾರಿಯೊಂದಿದೆ. ಅಲ್ಲಿ ಮನುಷ್ಯನ ಬದಲು ಅವನ ಅಂಗವೇ ಕರ್ತೃವಾಗುತ್ತದೆ: ಕರೆಂಟು ಹೋಗಿದೆಯೆಂದು ಗೊತ್ತಿದ್ದರೂ, ಕತ್ತಲ ಕೋಣೆಗೆ ಕಾಲಿಟ್ಟೊಡನೆ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹೋಗುತ್ತದೆ.