ಪುಣೆಯ ಅಂಚಿನಲ್ಲಿ ಜಾಗ, ಫ್ಲ್ಯಾಟ್, ಹೋಟೆಲ್: ಮುಂಗಡ ಕೊಡುವ ಮೊದಲು

ಬಾಡಿಗೆ ಕರಾರು, ಡಿಪಾಸಿಟ್, ಸೊಸೈಟಿಯವರ ಕಿರಿಕಿರಿ ಇವುಗಳ ಬಗ್ಗೆ ಹೇಳುವವರು ಪುಣೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದನ್ನು ಬಿಡೋಣ. ಇದು ಇಲ್ಲಿ ನಾಲ್ಕು ವರ್ಷ ಕಳೆದು, ಒಂದಿಷ್ಟು ದುಡ್ಡು ಕೂಡಿಟ್ಟು, ಇನ್ನು ಇಲ್ಲೇ ನೆಲೆ ನಿಲ್ಲೋಣ ಎಂದುಕೊಂಡವರಿಗೆ. ಕೋಥ್ರೂಡ್, ಔಂಧ್ ಕೈಗೆ ಎಟಕುವುದಿಲ್ಲ. ಹಾಗಾಗಿ ಹುಡುಕಾಟ ವಾಘೋಲಿ, ಮಾಂಜರಿ, ಧಾಯರಿ, ನರ್ಹೆ, ಪಿಸೋಳಿ, ಸೂಸ್ ಕಡೆಗೆ ಹೋಗುತ್ತದೆ. ಅಲ್ಲಿ ಏಜೆಂಟ್ ಬಾಯಿಂದ ಬರುವ ಮೊದಲ ಮಾತು ಯಾವಾಗಲೂ ಒಂದೇ: "ಸರ್, ಈ ಊರು ಮನಪಾಗೆ ಸೇರಿಬಿಟ್ಟಿದೆ. ಇನ್ನೇನೂ ಚಿಂತೆ ಇಲ್ಲ."

ಮನಪಾ ಅಂದರೆ ಪುಣೆ ಮಹಾನಗರಪಾಲಿಕೆ. ಚಿಂತೆ ಶುರುವಾಗುವುದೇ ಅಲ್ಲಿಂದ.

ಬೆಂಗಳೂರಿನವರಿಗೆ ಈ ಸೇರ್ಪಡೆಯ ಕಥೆ ಹೊಸದಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರಲ್ಲ, ಪುಣೆಯಲ್ಲಿ ಅದನ್ನೇ ಕಂತಿನಲ್ಲಿ ಮಾಡಿದ್ದಾರೆ. 1997ರಲ್ಲಿ 38 ಹಳ್ಳಿ ಸೇರಿಸಿದರು, ಆಮೇಲೆ ಅದರಲ್ಲಿ 15 ಬಿಟ್ಟರು. 2017ರಲ್ಲಿ ಮತ್ತೆ 11 ಹಳ್ಳಿ. 2021ರ ಜೂನ್ 30ಕ್ಕೆ ಇನ್ನೂ 23. ಅಲ್ಲಿಗೆ ವಿಸ್ತಾರದಲ್ಲಿ ಪುಣೆ ಪಾಲಿಕೆ ಮುಂಬೈಯನ್ನೂ ಮೀರಿಸಿತು. ಸೇರಿದ್ದು ಹಾಗೇ ಇರುತ್ತದೆ ಎಂದೂ ಇಲ್ಲ. 2017ರಲ್ಲಿ ಸೇರಿದ್ದ ಫುರಸುಂಗಿ ಮತ್ತು ಉರುಳಿ ದೇವಾಚಿ 2024ರಲ್ಲಿ ಹೊರಗೆ ಹೋಗಿ ತಮ್ಮದೇ ನಗರಪರಿಷತ್ತು ಮಾಡಿಕೊಂಡವು. ತೆರಿಗೆ ಏರಿತು, ಸೌಕರ್ಯ ಬರಲಿಲ್ಲ ಎಂಬುದು ಅಲ್ಲಿನವರ ದೂರಾಗಿತ್ತು.

ಯಾವ ಊರು ಸೇರಬೇಕು, ಯಾವುದು ಹೊರಗೆ ಹೋಗಬೇಕು ಎಂದು ಕೊನೆಗೆ ತೀರ್ಮಾನಿಸುವುದು ರಾಜ್ಯ ಸರ್ಕಾರ. ಪಾಲಿಕೆಯ ಮುಖ್ಯಸಭೆ ಅಭಿಪ್ರಾಯ ಕೊಡಬಹುದು, ಅಷ್ಟೇ. 2022ರ ಮಾರ್ಚ್‌ನಲ್ಲಿ ನಗರಸೇವಕರ, ಅಂದರೆ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಬಹಳ ಕಾಲ ಆಯುಕ್ತರೇ ಆಡಳಿತಾಧಿಕಾರಿಯಾಗಿ ಎಲ್ಲಕ್ಕೂ ಸಹಿ ಹಾಕಿದರು. ಹಾಗಾಗಿ "ನಮ್ಮ ನಗರಸೇವಕ ಮಾಡಿಸಿಕೊಡ್ತಾನೆ" ಎನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ.

ಈಗ ಮುಖ್ಯ ವಿಷಯ. ಊರು ಪಾಲಿಕೆಗೆ ಸೇರಿದ ಮಾತ್ರಕ್ಕೆ ಅಲ್ಲಿನ ಜಮೀನು ಮನೆ ಕಟ್ಟುವ ಜಮೀನು ಆಗುವುದಿಲ್ಲ. ಗಡಿ ಬೇರೆ, ಝೋನ್ ಬೇರೆ. ಝೋನ್ ಅಂದರೆ ಆ ಜಮೀನನ್ನು ಯಾವ ಬಳಕೆಗೆ ಗುರುತಿಸಿದ್ದಾರೆ ಎಂಬುದು. ಅದನ್ನು ಹೇಳುವುದು ವಿಕಾಸ ಆರಾಖಡಾ, ಅಂದರೆ ಊರಿನ ಅಭಿವೃದ್ಧಿ ಯೋಜನೆ (ಡೆವಲಪ್‌ಮೆಂಟ್ ಪ್ಲ್ಯಾನ್). ಇಲ್ಲಿ ಎಲ್ಲರೂ ಅದನ್ನು ಡಿಪಿ ಎನ್ನುತ್ತಾರೆ. ಅದರ ನಕ್ಷೆಯಲ್ಲಿ ನಿಮ್ಮ ಗಟ್ ನಂಬರ್, ಅಂದರೆ ನಮ್ಮ ಸರ್ವೆ ನಂಬರಿನಂಥದ್ದು, ಹಳದಿ ಬಣ್ಣದಲ್ಲಿದ್ದರೆ ವಸತಿ, ಹಸಿರಿನಲ್ಲಿದ್ದರೆ ಶೇತಿ (ಕೃಷಿ) ಅಥವಾ ಕಟ್ಟಡ ನಿಷೇಧ. ಅದು ಸಾಲದು ಅಂತ ಗುಡ್ಡದ ನೆತ್ತಿ, ಗುಡ್ಡದ ಇಳಿಜಾರು, ನದಿಯ ಪ್ರವಾಹ ರೇಖೆ ಎಂಬ ಬೇರೆ ಬೇರೆ ನಿರ್ಬಂಧಗಳಿವೆ. 1997ರಲ್ಲಿ ಸೇರಿದ ಹಳ್ಳಿಗಳ ಗುಡ್ಡಗಳಲ್ಲಿ 978 ಹೆಕ್ಟೇರನ್ನು ಬಿಡಿಪಿ, ಅಂದರೆ ಜೀವವೈವಿಧ್ಯ ಉದ್ಯಾನ ಎಂದು ಗುರುತಿಸಿದ್ದಾರೆ. ಆ ಗುಡ್ಡಗಳ ಮೇಲೂ ಮನೆಗಳಿವೆ. ಇವೆ ಎಂದ ಮಾತ್ರಕ್ಕೆ ಸಕ್ರಮ ಅಲ್ಲ.

2021ರ 23 ಹಳ್ಳಿಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ತೆರಿಗೆ ವಸೂಲಿ ಪಾಲಿಕೆಗೆ, ಯೋಜನೆ ಮತ್ತು ಕಟ್ಟಡದ ಪರವಾನಗಿ ಪಿಎಂಆರ್‌ಡಿಎಗೆ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ) ಎಂದು ಸರ್ಕಾರ ಪಾಲು ಮಾಡಿಬಿಟ್ಟಿತು. ಒಂದರ ಕಚೇರಿ ಶಿವಾಜಿನಗರದಲ್ಲಿ, ಇನ್ನೊಂದರದ್ದು ಆಕುರ್ಡಿಯಲ್ಲಿ. ಪಿಎಂಆರ್‌ಡಿಎ 2021ರಲ್ಲಿ ಕರಡು ಡಿಪಿ ಹೊರಡಿಸಿತು. ಕರಡಿನಲ್ಲಿ ಹಳದಿ ಕಂಡಿದ್ದೇ ಸರಿ, ಏಜೆಂಟ್‌ಗಳು "ಆರ್ ಝೋನ್ ಆಯ್ತು", ಅಂದರೆ ವಸತಿ ಝೋನ್ ಆಯ್ತು ಎಂದು ದರ ಏರಿಸಿದರು. ಆ ಕರಡೇ 2025ರಲ್ಲಿ ರದ್ದಾಯಿತು. ಕರಡು ನೋಡಿ ಕೊಂಡವರು ಈಗ ಯಾರನ್ನು ಕೇಳಬೇಕು ಹೇಳಿ?

ನನ್ನ ಪರಿಚಯದ ವಿಜಯಪುರದ ಹುಡುಗನೊಬ್ಬ ಪೂರ್ವದ ಕಡೆಯ ಒಂದು ಹಳ್ಳಿಯಲ್ಲಿ ಎರಡು ಗುಂಟೆ ತೆಗೆದುಕೊಂಡ. ಎರಡು ಗುಂಟೆ ಅಂದರೆ 2178 ಚದರ ಅಡಿ, ಗುಂಟೆಯ ಲೆಕ್ಕ ನಮ್ಮಲ್ಲೂ ಇಲ್ಲೂ ಒಂದೇ. ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಲೇ ಇಲ್ಲ, ಸ್ಟ್ಯಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿ ಮುಗಿಸಿದರು. ಆ ಜಾಗದಲ್ಲಿ ಎರಡು ರೂಮು ಕಟ್ಟಿಕೊಂಡ. ಪಾಲಿಕೆಯವರು ಬಂದು ಅಳತೆ ಮಾಡಿ ಅವನ ಹೆಸರಿಗೆ ತೆರಿಗೆ ಬಿಲ್ಲನ್ನೂ ಕೊಟ್ಟರು. ಅದನ್ನು ನೋಡಿ ಖುಷಿಯಾಗಿದ್ದ. ಆಮೇಲೆ ನೋಟಿಸು ಬಂತು. ಬಿಲ್ಲು ಹಿಡಿದುಕೊಂಡು ನನ್ನ ಹತ್ತಿರ ಬಂದ. "ಅಣ್ಣಾರ, ಟ್ಯಾಕ್ಸ್ ಕಟ್ಟೀನಲ್ರಿ. ಮತ್ಯಾಕ ಅನಧಿಕೃತ ಅಂತ ಬರದಾರ?"

ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಖಾತೆ ಆಗಿ ತೆರಿಗೆ ಕಟ್ಟಿದರೆ ಅರ್ಧ ಗೆದ್ದ ಹಾಗೆ ಎಂದೇ ನಾವು ಬೆಳೆದಿದ್ದೇವೆ. ಎ ಖಾತಾ ಸಿಗದಿದ್ದರೆ ಬಿ ಖಾತಾ, ಮುಂದೆ ಯಾವತ್ತೋ ಸಕ್ರಮ ಎಂಬ ಲೆಕ್ಕ. ಮಹಾರಾಷ್ಟ್ರದಲ್ಲಿ ಆ ನಡುವಿನ ಮೆಟ್ಟಿಲೇ ಇಲ್ಲ. ಇಲ್ಲಿನ ಮಹಾನಗರಪಾಲಿಕೆ ಕಾಯ್ದೆಯ 267ಎ ಕಲಮಿನ ಪ್ರಕಾರ ಅಕ್ರಮ ಕಟ್ಟಡಕ್ಕೂ ತೆರಿಗೆ ಹಾಕುತ್ತಾರೆ, ಅದರ ಎರಡು ಪಟ್ಟಿನವರೆಗೆ ದಂಡವನ್ನೂ ಸೇರಿಸಬಹುದು. ಒಟ್ಟು ಮೂರು ಪಟ್ಟಿನವರೆಗೆ. ಇದಕ್ಕೆ ಶಾಸ್ತಿ ಎನ್ನುತ್ತಾರೆ. ಹೀಗೆ ವಸೂಲಿ ಮಾಡಿದ್ದರಿಂದ ಕಟ್ಟಡ ಸಕ್ರಮ ಆಗುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಅಂದರೆ ಆ ಹುಡುಗನ ಕೈಯಲ್ಲಿದ್ದ ಬಿಲ್ಲು ರಕ್ಷಣೆಯಲ್ಲ. ಅವನ ಮನೆ ಎಲ್ಲಿದೆ ಎಂದು ಪಾಲಿಕೆಗೆ ಗೊತ್ತು ಎನ್ನುವುದಕ್ಕೆ ಪುರಾವೆ.

ಅವನ ಜಾಗಕ್ಕೆ ಇನ್ನೂ ಎರಡು ಗಂಟುಗಳಿದ್ದವು. ಮೊದಲನೆಯದು, ಮಹಾರಾಷ್ಟ್ರದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 2020ರಲ್ಲಿ 79ಎ, 79ಬಿ ತೆಗೆದುಹಾಕಿದ ಮೇಲೆ ನಮ್ಮವರು ಈ ನಿಯಮವನ್ನೇ ಮರೆತಿದ್ದಾರೆ. ಇಲ್ಲಿ ಅದು ಜೀವಂತ ಇದೆ. ಪಾಲಿಕೆಯ ಗಡಿಯೊಳಗೆ ವಸತಿಗೋ ವಾಣಿಜ್ಯಕ್ಕೋ ಗುರುತಿಸಿದ ಜಮೀನಾದರೆ ಈ ಅಡ್ಡಿ ಇಲ್ಲ. ಅಂದರೆ ಮತ್ತೆ ಝೋನ್‌ಗೇ ಬಂದು ನಿಂತೆವು. ಎರಡನೆಯದು ತುಕಡೆಬಂದಿ, ಅಂದರೆ ಜಮೀನನ್ನು ಚಿಕ್ಕ ತುಂಡು ಮಾಡುವುದಕ್ಕೆ ಇರುವ ನಿಷೇಧ. ಖುಷ್ಕಿ ಜಮೀನಾದರೆ 20 ಗುಂಟೆ, ನೀರಾವರಿಯಾದರೆ 10 ಗುಂಟೆ, ಅದಕ್ಕಿಂತ ಚಿಕ್ಕ ತುಂಡು ಮಾಡಬಾರದು ಎಂದು 2023ರಲ್ಲಿ ನಿಗದಿ ಮಾಡಿದ್ದರು. ನೋಟರಿ ಮಾಡಿಸಿದ್ದು ಯಾಕೆ ಎಂದು ಈಗ ಅರ್ಥವಾಯಿತಲ್ಲ? ನಗರದ ಸುತ್ತಮುತ್ತ ಇದನ್ನು ಸಡಿಲಿಸಲು ಸರ್ಕಾರ 2025ರಲ್ಲಿ ಹೆಜ್ಜೆ ಇಟ್ಟಿತು. ಏಜೆಂಟ್‌ಗಳು ಈಗ ಅದನ್ನೇ ಹಿಡಿದುಕೊಂಡು ಓಡಾಡುತ್ತಿದ್ದಾರೆ. ತುಂಡು ಸಕ್ರಮ ಆಗಬಹುದು. ಹಸಿರು ಝೋನ್ ಅದರಿಂದ ಹಳದಿ ಆಗುವುದಿಲ್ಲ.

"ಗುಂಠೇವಾರಿಯಲ್ಲಿ ರೆಗ್ಯುಲರ್ ಮಾಡಿಸೋಣ" ಎಂದೂ ಹೇಳುತ್ತಾರೆ. ಗುಂಟೆ ಲೆಕ್ಕದಲ್ಲಿ ಅಕ್ರಮವಾಗಿ ತುಂಡು ಮಾಡಿದ ಜಾಗವನ್ನು ಸಕ್ರಮ ಮಾಡುವ ಈ ಗುಂಠೇವಾರಿ ಕಾಯ್ದೆ 2001ರದ್ದು, 2021ರ ತಿದ್ದುಪಡಿಯಲ್ಲಿ ಅದನ್ನು 2020ರ ಡಿಸೆಂಬರ್ 31ರವರೆಗಿನ ಕಟ್ಟಡಗಳಿಗೆ ವಿಸ್ತರಿಸಿದರು. ಆಮೇಲೆ ಕಟ್ಟಿದ್ದಕ್ಕೆ ಅದರಲ್ಲಿ ದಾರಿ ಇಲ್ಲ. ಮೀಸಲು ಜಾಗ, ಹಸಿರು ಪಟ್ಟಿ, ಗುಡ್ಡ, ಪ್ರವಾಹ ರೇಖೆಯ ಒಳಗಿನದ್ದಕ್ಕೂ ಇಲ್ಲ. ನಿಮಗೆ ತೋರಿಸುತ್ತಿರುವ ಪ್ಲಾಟ್ ಕಡಿಮೆ ರೇಟಿಗೆ ಸಿಗುತ್ತಿದ್ದರೆ ಅದು ಈ ಯಾವುದಾದರೊಂದು ಪಟ್ಟಿಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಫ್ಲ್ಯಾಟ್ ಆದರೆ ಬಚಾವ್ ಎಂದುಕೊಳ್ಳಬೇಡಿ. ಸೇರ್ಪಡೆಗೆ ಮೊದಲು ಈ ಹಳ್ಳಿಗಳಲ್ಲಿ ಗ್ರಾಮಪಂಚಾಯತಿಯ ಕಾಗದ ತೋರಿಸಿ ಐದಾರು ಮಹಡಿ ಎಬ್ಬಿಸಿದ್ದಾರೆ. ಅಷ್ಟು ದೊಡ್ಡ ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರ ಪಂಚಾಯತಿಗೆ ಇರಲೇ ಇಲ್ಲ. ಇಂಥ ಕಟ್ಟಡಕ್ಕೆ ದೊಡ್ಡ ಬ್ಯಾಂಕು ಸಾಲ ಕೊಡುವುದಿಲ್ಲ, ಪತಸಂಸ್ಥೆ (ಪತ್ತಿನ ಸಹಕಾರ ಸಂಘ) ಕೊಡುತ್ತದೆ. ಬಿಲ್ಡರ್ ಪದೇ ಪದೇ ಒಂದೇ ಪತಸಂಸ್ಥೆಯ ಹೆಸರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಇನ್ನು ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ. ಮಹಾರೇರಾ ಒಳ್ಳೆಯ ವ್ಯವಸ್ಥೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂಬೈ ಹತ್ತಿರದ ಕಲ್ಯಾಣ್-ಡೊಂಬಿವಲಿಯಲ್ಲಿ 65 ಕಟ್ಟಡಗಳು ಪಾಲಿಕೆಯ ನಕಲಿ ಪರವಾನಗಿ ತೋರಿಸಿ ರೇರಾ ನಂಬರ್ ಪಡೆದಿದ್ದವು. 2024ರಲ್ಲಿ ಹೈಕೋರ್ಟ್ ಅವನ್ನು ಕೆಡವಲು ಹೇಳಿತು. ನಾಲಾಸೋಪಾರಾದಲ್ಲಿ ಕಸದ ಡಿಪೋಗೂ ಮಲಿನ ನೀರಿನ ಘಟಕಕ್ಕೂ ಮೀಸಲಿಟ್ಟ ಜಾಗದಲ್ಲಿ 41 ಕಟ್ಟಡ ಎದ್ದಿದ್ದವು. ಕೋರ್ಟಿನ ಆದೇಶದಂತೆ 2025ರ ಆರಂಭದ ಹೊತ್ತಿಗೆ ಅಷ್ಟನ್ನೂ ನೆಲಸಮ ಮಾಡಿದರು. ಅಲ್ಲಿದ್ದವರು ಸುಮ್ನೆ ಬಂದು ಕೂತವರಲ್ಲ, ದುಡ್ಡು ಕೊಟ್ಟು ಕೊಂಡವರು.

ಹಾಗಾದರೆ ಏನು ನೋಡಬೇಕು? ಜಾಗವಾದರೆ ಮೊದಲು ಸಾತ್‌ಬಾರಾ ಉತಾರಾ. ನಮ್ಮ ಪಹಣಿಯಂಥದ್ದೇ, ಮಹಾಭೂಲೇಖ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದರ 'ಇತರ ಅಧಿಕಾರ' ಎಂಬ ಕಾಲಂ ಓದಿ. ಸಾಲ, ತಕರಾರು, ತುಕಡಾ ಎಂಬ ಷರಾ ಎಲ್ಲ ಅಡಗಿರುವುದು ಅಲ್ಲೇ. ಮರಾಠಿ ಬರದಿದ್ದರೆ ಬರುವವರನ್ನು ಕೂರಿಸಿಕೊಳ್ಳಿ, ಏಜೆಂಟ್‌ನನ್ನು ಕೂರಿಸಬೇಡಿ. ಆಮೇಲೆ ಝೋನ್ ದಾಖಲಾ, ಅಂದರೆ ಝೋನ್ ಪ್ರಮಾಣಪತ್ರ, ಮತ್ತು ಅದರ ಜೊತೆ ಡಿಪಿ ಅಭಿಪ್ರಾಯ. ಇವೆರಡನ್ನೂ ನೀವೇ ಅರ್ಜಿ ಹಾಕಿ ತೆಗೆಯಿರಿ. ಮಾರುವವನು ಕೊಡುವ ಝೆರಾಕ್ಸ್‌ಗೆ ಮರುಳಾಗಬೇಡಿ. ಝೋನ್ ಹಳದಿಯಾಗಿದ್ದರೂ ಅದೇ ಜಾಗದ ಮೇಲೆ ಶಾಲೆಗೋ ಉದ್ಯಾನಕ್ಕೋ ಆರಕ್ಷಣ (ಮೀಸಲು) ಇರಬಹುದು, ಡಿಪಿ ರಸ್ತೆ ಹಾದು ಹೋಗಬಹುದು. ಅದು ಗೊತ್ತಾಗುವುದು ಡಿಪಿ ಅಭಿಪ್ರಾಯದಲ್ಲಿ. ಫ್ಲ್ಯಾಟ್ ಆದರೆ ಕಟ್ಟಲು ಅನುಮತಿ ಕೊಡುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟಿನ ನಂಬರ್ ಬರೆದುಕೊಂಡು, ಅದನ್ನು ಕೊಟ್ಟ ಕಚೇರಿಯಲ್ಲೇ ತಾಳೆ ನೋಡಿ. ವಾಸಕ್ಕೆ ಹೋಗುವ ಮೊದಲು ಭೋಗವಟಾ ಪತ್ರ, ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್ ಕೇಳಿ. ಕಾಗದದ ವಿಷಯದಲ್ಲಿ ನನ್ನ ಮತ ಕೇಳಿದರೆ, ಖಾತಾ ಗೊಂದಲದ ಬೆಂಗಳೂರಿಗಿಂತ ಮಹಾರಾಷ್ಟ್ರವೇ ಮೇಲು. ಇಲ್ಲಿ ಇದೆಲ್ಲ ಹುಡುಕಿದರೆ ಸಿಗುತ್ತದೆ. ಹುಡುಕುವವರು ಕಡಿಮೆ.

ನೀರಿನ ಬಗ್ಗೆ ಮಾತ್ರ ಅಷ್ಟು ಧೈರ್ಯವಾಗಿ ಹೇಳಲಾರೆ. ಹೊಸದಾಗಿ ಸೇರಿದ ಹಳ್ಳಿಗಳಲ್ಲಿ ಎಷ್ಟೋ ಸೊಸೈಟಿಗಳು ಟ್ಯಾಂಕರ್ ಮೇಲೆ ನಿಂತಿವೆ. 2025ರ ಜನವರಿಯಲ್ಲಿ ಜಿಬಿಎಸ್ ಎಂಬ ನರದ ಕಾಯಿಲೆ ಹಬ್ಬಿದಾಗ ಹೆಚ್ಚು ಜನ ಮಲಗಿದ್ದು ಸಿಂಹಗಡ ರಸ್ತೆಯ ಕಿರ್ಕಟ್‌ವಾಡಿ, ನಾಂದೇಡ್, ಧಾಯರಿ ಭಾಗದಲ್ಲಿ. ತೆರಿಗೆ ಮಾತ್ರ ಐದು ವರ್ಷದಲ್ಲಿ ಹಂತ ಹಂತವಾಗಿ ಪಾಲಿಕೆಯ ಪೂರ್ತಿ ದರಕ್ಕೆ ಏರುವಂತೆ ಕಾಯ್ದೆಯಲ್ಲೇ ಬರೆದಿದೆ. ಟ್ಯಾಂಕರ್ ಖರ್ಚು ತಿಂಗಳಿಗೆ ಎಷ್ಟು ಎಂದು ಸೊಸೈಟಿಯ ಸೆಕ್ರೆಟರಿಯನ್ನು ಕೇಳಿ, ಅದೂ ಮೇ ತಿಂಗಳ ಲೆಕ್ಕ.

ತೆರಿಗೆಯಲ್ಲೇ ಇನ್ನೊಂದು ಚಿಕ್ಕ ವಿಷಯ. ಸ್ವಂತ ವಾಸದ ಮನೆಗೆ ಪುಣೆಯಲ್ಲಿ 1970ರಿಂದ ಶೇ 40ರ ರಿಯಾಯಿತಿ ಇತ್ತು. ಮಧ್ಯೆ ನಿಂತಿತ್ತು, 2023ರಲ್ಲಿ ವಾಪಸ್ ಬಂತು. ಹೊಸದಾಗಿ ಕೊಂಡವರಿಗೆ ಇದು ತಾನಾಗಿ ಸಿಗುವುದಿಲ್ಲ. ಪಿಟಿ-3 ಎಂಬ ಅರ್ಜಿ ತುಂಬಿ, ಅಲ್ಲೇ ವಾಸ ಇದ್ದೇವೆ ಎಂಬ ದಾಖಲೆ ಕೊಡಬೇಕು. ಅರ್ಜಿಯ ಶುಲ್ಕ 25 ರೂಪಾಯಿ. ಇದು ಗೊತ್ತಿಲ್ಲದೆ ವರ್ಷಾನುಗಟ್ಟಲೆ ಪೂರ್ತಿ ಬಿಲ್ಲು ಕಟ್ಟುತ್ತಿರುವ ಕನ್ನಡದ ಮನೆಗಳು ನನಗೇ ಗೊತ್ತಿವೆ.

ಹೋಟೆಲ್ ಇಡಲು ಕುಂದಾಪುರ, ಉಡುಪಿ ಕಡೆಯಿಂದ ಬರುವ ಹುಡುಗರಿಗೆ ಲೈಸೆನ್ಸ್ ಬಗ್ಗೆ ನಾನು ಪಾಠ ಹೇಳಬೇಕಿಲ್ಲ, ಅವರ ಮಾವ ಚಿಕ್ಕಪ್ಪಂದಿರೇ ಇಲ್ಲಿದ್ದಾರೆ. ಗುಮಾಸ್ತಾ, ಅಂದರೆ ಅಂಗಡಿ ನೋಂದಣಿ ಈಗ ಸುಲಭ, ಕೆಲಸಗಾರರು ಕಡಿಮೆ ಇದ್ದರೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕು. ಆದರೆ ಗುಮಾಸ್ತಾ, ಫುಡ್ ಲೈಸೆನ್ಸ್ ಎರಡೂ ಕೈಗೆ ಬಂತು ಎಂದು ಗೋಡೆ ಒಡೆಸಲು ಹೋಗಬೇಡಿ. ಆ ಗಾಳೆ (ಮಳಿಗೆ) ಮಂಜೂರಾದ ನಕ್ಷೆಯಲ್ಲಿ ಅಂಗಡಿ ಎಂದಿದೆಯೋ ಫ್ಲ್ಯಾಟ್ ಎಂದಿದೆಯೋ ನೋಡಿ. ಫ್ರಂಟ್ ಮಾರ್ಜಿನ್‌ನಲ್ಲಿ, ಅಂದರೆ ಕಟ್ಟಡದ ಮುಂದೆ ಖಾಲಿ ಬಿಡಬೇಕಾದ ಜಾಗದಲ್ಲಿ ಶೆಡ್ ಇಳಿಸಿ ಟೇಬಲ್ ಹಾಕಿದ್ದನ್ನು ಸೇರಿಸಿಯೇ ಬಾಡಿಗೆ ಹೇಳುತ್ತಾರೆ. ಅತಿಕ್ರಮಣ ವಿಭಾಗದ ಜೆಸಿಬಿ ಬಂದರೆ ಹೋಗುವುದು ಆ ಶೆಡ್ಡು, ಬಾಡಿಗೆ ಮಾತ್ರ ಇಳಿಯುವುದಿಲ್ಲ. ಶೆಡ್ ಬಿಟ್ಟು ಒಳಗೆ ಎಷ್ಟು ಟೇಬಲ್ ಹಿಡಿಯುತ್ತದೆ ಎಂದು ಎಣಿಸಿ ಬಾಡಿಗೆ ಮಾತಾಡಿ. ಬೋರ್ಡ್ ಮರಾಠಿಯಲ್ಲಿರಬೇಕು, ದೇವನಾಗರಿ ಅಕ್ಷರ ಬೇರೆ ಭಾಷೆಯದ್ದಕ್ಕಿಂತ ಚಿಕ್ಕದಿರಬಾರದು. ಇದಕ್ಕೆ ಗೊಣಗುವವರಿದ್ದಾರೆ. ಬೆಂಗಳೂರಿನ ಬೋರ್ಡಿನಲ್ಲಿ ಶೇ 60 ಕನ್ನಡ ಕೇಳುವ ನಮಗೆ ಗೊಣಗುವ ಹಕ್ಕಿಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ಯಾರೂ ಮಾಡದ ಒಂದು ಕೆಲಸ. ಕರಡು ಡಿಪಿ ಹೊರಟಾಗ, ಅಥವಾ ಎಂಆರ್‌ಟಿಪಿ ಎಂಬ ಮಹಾರಾಷ್ಟ್ರದ ನಗರ ಯೋಜನಾ ಕಾಯ್ದೆಯ 37ನೇ ಕಲಮಿನಡಿ ಯಾವುದಾದರೂ ಜಾಗದ ಬಳಕೆ ಬದಲಿಸಲು ಹೊರಟಾಗ, ಪಾಲಿಕೆ ಆಕ್ಷೇಪ ಕೇಳುತ್ತದೆ. ಇದನ್ನು ಹರಕತಿ-ಸೂಚನಾ ಎನ್ನುತ್ತಾರೆ. ಸಿಗುವ ಕಾಲ ಒಂದೇ ತಿಂಗಳು. ಪ್ರಕಟಣೆ ಮರಾಠಿ ಪೇಪರಿನ ಒಳಪುಟದಲ್ಲಿರುತ್ತದೆ. ನಿಮ್ಮ ಸೊಸೈಟಿಯ ಪಕ್ಕದ ಉದ್ಯಾನದ ಜಾಗ ವಾಣಿಜ್ಯಕ್ಕೆ ಹೋಗುತ್ತಿದ್ದರೆ ಅದನ್ನು ತಡೆಯಲು ಇರುವ ಹೊತ್ತು ಅದೇ. ಗಟ್ ನಂಬರ್ ಹಾಕಿ ಒಂದು ಪುಟ ಬರೆಯಿರಿ, ಮರಾಠಿಯಲ್ಲಾದರೆ ಒಳ್ಳೆಯದು. ಎರಡು ಪ್ರತಿ ಒಯ್ದು ನಿಮ್ಮ ಪ್ರತಿಯ ಮೇಲೆ ಆವಕ್ (ಸ್ವೀಕೃತಿ) ಸೀಲು, ನಂಬರು, ತಾರೀಕು ಹಾಕಿಸಿಕೊಳ್ಳಿ. ಸುನಾವಣಿಗೆ, ಅಂದರೆ ವಿಚಾರಣೆಗೆ ಕರೆದಾಗ ಆ ಸೀಲಿನ ಪ್ರತಿಯನ್ನೇ ತೆಗೆದುಕೊಂಡು ಹೋಗಿ, ಒಬ್ಬರೇ ಹೋಗಬೇಡಿ, ಸೊಸೈಟಿಯ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ.