ಹಳೆಯ ಸಣ್ಣ ಕಾರು: ಖರ್ಚು ಶುರುವಾಗುವುದು ರೇಡಿಯೇಟರ್‌ನಿಂದ

ಹತ್ತು-ಹದಿನೈದು ವರ್ಷದ ಆಲ್ಟೊ, ಸ್ಯಾಂಟ್ರೊ, ವ್ಯಾಗನ್ ಆರ್ ಇಟ್ಟುಕೊಂಡವರು ಮೀಟರ್‌ನಲ್ಲಿರುವ ಕಿಲೋಮೀಟರ್ ನೋಡಿ ಹೆದರುತ್ತಾರೆ. ಕಲಬುರಗಿ ಕಡೆ ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ರೇಡಿಯೇಟರ್‌ಗೆ ಸುರಿದ ನೀರಿಗೆ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿ ಇರುವುದೇ ಸುಣ್ಣಕಲ್ಲು. ಬೋರ್ ನೀರು ಗಡಸು. ಹಂಡೆಯ ತಳಕ್ಕೆ ಬಿಳಿ ಪೊರೆ ಕಟ್ಟಿದಂತೆ ರೇಡಿಯೇಟರ್‌ನ ಸಣ್ಣ ನಾಳಗಳ ಒಳಗೂ ಕಟ್ಟುತ್ತದೆ. ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ದಾಟಿ, ಎ.ಸಿ. ಹಾಕಿಕೊಂಡು ಜೇವರ್ಗಿ ರಸ್ತೆಯಲ್ಲಿ ಲಾರಿ ಹಿಂದೆ ನಿಂತಾಗ ಎಂಜಿನ್ ಬಿಸಿ ತೋರಿಸುವ ಸೂಜಿ ಮೇಲೇರುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲು) ಹೋದರೆ ಫೇಸಿಂಗ್ (ಹೆಡ್ ಮಟ್ಟ ಮಾಡುವುದು), ಆಯಿಲ್, ಕೂಲಿ ಸೇರಿ 10ರಿಂದ 15 ಸಾವಿರ. ತಡೆಯುವ ಕೆಲಸಕ್ಕೆ ಸಾವಿರದೈನೂರು ಸಾಕು. (ಇಲ್ಲಿನ ದರಗಳೆಲ್ಲ ಹೊರಗಿನ ಗ್ಯಾರೇಜಿನ ಅಂದಾಜು, ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಹೆಚ್ಚಾಗುತ್ತದೆ.)

ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೋಡಿ

ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತಿದ್ದಾಗ ಮಾತ್ರ. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಮೃದುವಾಗಿರಬೇಕು. ಗಟ್ಟಿಯಾಗಿ ಸೀಳಿದ್ದರೆ, ಅಂಚಿಗೆ ಸುಣ್ಣದ ಪುಡಿ ಅಂಟಿದ್ದರೆ ಹೊಸದು ಹಾಕಿ. 150ರಿಂದ 300 ರೂಪಾಯಿ. ಇದನ್ನು ಸಣ್ಣ ಸಾಮಾನೆಂದು ಬಿಟ್ಟುಬಿಡುವವರೇ ಹೆಚ್ಚು. ಒಳಗಿನ ಒತ್ತಡ ಹಿಡಿದಿಟ್ಟು ನೀರು 100 ಡಿಗ್ರಿಗೆ ಕುದಿಯದಂತೆ ತಡೆಯುವುದೇ ಈ ಮುಚ್ಚಳ. ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಒತ್ತಡದ ಅಳತೆ. ಹಳೆಯದರ ಮೇಲೆ ಎಷ್ಟಿದೆಯೋ ಅಷ್ಟರದ್ದನ್ನೇ ತನ್ನಿ.

ನೀರಿನ ಬಣ್ಣ ಹಸಿರೋ ಗುಲಾಬಿಯೋ ಇದ್ದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಇದೆ. ಇಟ್ಟಿಗೆ ಬಣ್ಣವಿದ್ದರೆ ಒಳಗೆ ತುಕ್ಕು. ಆಮೇಲೆ ಎಂಜಿನ್ ಆಯಿಲ್ ಮುಚ್ಚಳ ತೆಗೆಯಿರಿ. ಅಡಿಯಲ್ಲಿ ಹಾಲು ಹೆಚ್ಚಾದ ಚಹಾದ ಕೆನೆಯಂಥದ್ದು ದಪ್ಪಗೆ ಅಂಟಿದ್ದು, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಅಂಥ ಗಾಡಿಗೆ ಕೂಲೆಂಟ್ ಬದಲಿಸಿ ಉಪಯೋಗವಿಲ್ಲ.

ತೊಳೆದು ತುಂಬುವ ಬಗೆ

ಬೇಕಾದದ್ದು: 5 ಲೀಟರಿನ ಎರಡು-ಮೂರು ಕ್ಯಾನ್ ಡಿಸ್ಟಿಲ್ಡ್ ವಾಟರ್ (ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ), ಕೂಲೆಂಟ್ ('ಕಾನ್ಸಂಟ್ರೇಟ್' ಆದರೆ ಸುಮಾರು 2 ಲೀಟರ್), ಬಕೆಟ್, ಹಳೆ ಬಟ್ಟೆ. ಸಣ್ಣ ಕಾರುಗಳಿಗೆ ಹಿಡಿಯುವುದು ಸುಮಾರು 3ರಿಂದ 5 ಲೀಟರ್. ಡಬ್ಬಿಯ ಮೇಲೆ 'ರೆಡಿ ಟು ಯೂಸ್' ಎಂದಿದ್ದರೆ ನೀರು ಬೆರೆಸಬಾರದು, ಹಿಡಿಯುವಷ್ಟೂ ಅದೇ ಬೇಕು. 'ಕಾನ್ಸಂಟ್ರೇಟ್' ಆದರೆ ಅರ್ಧಕ್ಕರ್ಧ.

ರೇಡಿಯೇಟರ್ ಕೆಳಗಿನ ಡ್ರೇನ್ ಸ್ಕ್ರೂ ಸಡಿಲಿಸಿ ಹಳೆಯದನ್ನು ಬಕೆಟ್ಟಿಗೆ ಹಿಡಿಯಿರಿ. ಪ್ಲಾಸ್ಟಿಕ್ಕಿನದಾದ್ದರಿಂದ ಜೋರು ಬೇಡ, ಹಳೆಯ ಗಾಡಿಯಲ್ಲಿ ಪಟಕ್ಕನೆ ಮುರಿಯುತ್ತದೆ. ಕೂಲೆಂಟ್ ಸಿಹಿಯಾಗಿರುತ್ತದೆ, ಆದರೆ ವಿಷ; ಅಂಗಳದಲ್ಲಿ ಚೆಲ್ಲಿದರೆ ನಾಯಿ, ದನ ನೆಕ್ಕುತ್ತವೆ. ಸ್ಕ್ರೂ ಬಿಗಿದು ಡಿಸ್ಟಿಲ್ಡ್ ವಾಟರ್ ತುಂಬಿ, ಮುಚ್ಚಳ ಹಾಕಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಿಸಿ. ಮೇಲಿನ ಹೋಸ್ ಕೈಗೆ ಬಿಸಿಯಾದರೆ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ತೆರೆದಿದೆ ಎಂದರ್ಥ. ಆರಿದ ಮೇಲೆ ಹರಿಸಿ, ನೀರು ತಿಳಿಯಾಗುವ ತನಕ ಮತ್ತೆ ಮಾಡಿ.

ಕೊನೆಗೆ ಕೂಲೆಂಟ್ ನಿಧಾನ ಸುರಿಯಿರಿ. ಮುಚ್ಚಳ ತೆರೆದೇ ಎಂಜಿನ್ ಶುರುಮಾಡಿ ಗುಳ್ಳೆ ನಿಲ್ಲುವ ತನಕ ಬಿಡಿ. ಗಾಳಿ ಉಳಿದರೆ ಒಳಗೆ ಒಂದೆಡೆ ಮಾತ್ರ ಬಿಸಿ ಏರುತ್ತದೆ. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಮತ್ತೆ ಗ್ಯಾಸ್ಕೆಟ್ ಅನುಮಾನವೇ. ಎರಡು ದಿನದ ನಂತರ, ತಣ್ಣಗಿದ್ದಾಗ, ರೇಡಿಯೇಟರ್ ಪಕ್ಕದ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ.

ಕೆಲವು ಕಡೆ ಆ್ಯಸಿಡ್ ಹಾಕಿ ತೊಳೆಯುತ್ತೇವೆ ಎನ್ನುತ್ತಾರೆ. ಬೇಡವೆನ್ನಿ. ಸುಣ್ಣದ ಜೊತೆಗೆ ಅಲ್ಯುಮಿನಿಯಮ್ಮನ್ನೂ ಅದು ತಿನ್ನುತ್ತದೆ. ಪೂರ್ತಿ ಕಟ್ಟಿಕೊಂಡ ರೇಡಿಯೇಟರ್ ಬದಲಿಸುವುದೇ ಲೇಸು, 2,000ದಿಂದ 3,500. ಥರ್ಮೋಸ್ಟಾಟ್ ಕಿತ್ತೆಸೆದು ಓಡಿಸುವುದೂ ಇಲ್ಲಿ ರೂಢಿ. ಎಂಜಿನ್ ಬೇಗ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಹೊಸದಕ್ಕೆ 400ರಿಂದ 800 ಅಷ್ಟೇ.

ಫ್ಯಾನ್ ತಿರುಗುತ್ತಿಲ್ಲವೇ?

ಎ.ಸಿ. ಹಾಕಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಎ.ಸಿ. ಜೊತೆಗೆ ರೇಡಿಯೇಟರ್ ಫ್ಯಾನೂ ತಿರುಗಬೇಕು. ಆಗ ತಿರುಗಿ, ಬರೇ ಬಿಸಿಗೆ ತಿರುಗದಿದ್ದರೆ ಮೋಟಾರ್ ಸರಿಯಿದೆ, ಬಿಸಿ ಅಳೆಯುವ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿರಬಹುದು. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ರಿಲೇ, ಆಮೇಲೆ ಮೋಟಾರ್. ಇಷ್ಟು ತಿಳಿದು ಹೋದರೆ ಮೇಸ್ತ್ರಿ ಸುಮ್ಮನೆ ಎರಡು ಸಾವಿರದ ಮೋಟಾರ್ ಹಾಕಲಾರ.

ದಾರಿಯಲ್ಲೇ ಸೂಜಿ ಏರಿದರೆ ಎ.ಸಿ. ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಿ, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಉಳಿದ ಖರ್ಚು

ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕವಾಟಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಪಟ್ಟಿ): ಹಳೆಯ 796 ಸಿಸಿ ಆಲ್ಟೊ, ಸ್ಯಾಂಟ್ರೊ ಝಿಂಗ್‌ಗಳಲ್ಲಿ ಇರುವುದು ಬೆಲ್ಟ್, ಚೈನ್ ಅಲ್ಲ. ಹಿಂದೆ ಯಾವಾಗ ಬದಲಿಸಿದ್ದು ಎಂಬ ಬಿಲ್ ಇಲ್ಲದಿದ್ದರೆ ಈಗಲೇ ಬದಲಿಸಿ. ಟೆನ್ಷನರ್, ಕೂಲಿ ಸೇರಿ 3ರಿಂದ 5 ಸಾವಿರ. ಬೆಲ್ಟ್ ಬಿಚ್ಚಿದಾಗಲೇ ವಾಟರ್ ಪಂಪ್ ಸೋರುತ್ತದೆಯೇ ನೋಡಿಸಿ.

ಕ್ಲಚ್ ಸೆಟ್‌ಗೆ ಕೂಲಿ ಸೇರಿ 5ರಿಂದ 8 ಸಾವಿರ. ಮೂರನೇ ಗೇರಿನಲ್ಲಿ ಆ್ಯಕ್ಸಿಲರೇಟರ್ ಒತ್ತಿದಾಗ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ. ತಗ್ಗಿನಲ್ಲಿ ಮುಂದೆ 'ಟಕ್ ಟಕ್' ಎಂದರೆ ಬಹುತೇಕ ಲೋವರ್ ಆರ್ಮ್ ಬುಶ್ (ಮುಂದಿನ ಚಕ್ರ ಹಿಡಿದಿರುವ ತೋಳಿನ ರಬ್ಬರ್). ಬುಶ್ ಮಾತ್ರ ಸಿಕ್ಕರೆ ಇಡೀ ಆರ್ಮ್ ಬೇಡ.

ಎ.ಸಿ. ತಣ್ಣಗಾಗುತ್ತಿಲ್ಲವೆಂದು ಗ್ಯಾಸ್ ತುಂಬಿಸುವ ಮುಂಚೆ, ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎ.ಸಿ. ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ಫರ್ಸಿ ಕಲ್ಲಿನ ಧೂಳು, ತೊಗರಿ ರಾಶಿ ಕಾಲದ ಹೊಟ್ಟು ಅಲ್ಲಿ ಕಂಬಳಿಯಂತೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಡಿ. ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚುತ್ತವೆ.

ಕೊಳ್ಳುವವರಿಗೆ

15 ವರ್ಷ ತುಂಬುವ ಗಾಡಿಗೆ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ಅಲ್ಲ, 5,000 ರೂಪಾಯಿ. ಚೌಕಾಸಿಯಲ್ಲಿ ಅದನ್ನು ಮುರಿದುಕೊಳ್ಳಿ. ಗಾಡಿ ನೋಡಲು ಹೋದಾಗ ಬಾನೆಟ್ ಮೇಲೆ ಮೊದಲು ಕೈಯಿಡಿ. ಆಗಲೇ ಬಿಸಿಯಾಗಿದ್ದರೆ ಮುಚ್ಚಳ ತೆಗೆದು ನೋಡಲಾಗುವುದಿಲ್ಲ, ತಣ್ಣನೆಯ ಸ್ಟಾರ್ಟ್ ಹೇಗಿದೆಯೆಂದೂ ತಿಳಿಯುವುದಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯ ತನಕ ಶುರು ಮಾಡಬೇಡಿ ಎಂದು ಹೇಳಿ ಬನ್ನಿ.