ಜೋಬರ್ಗ್‌ಗೆ ಬಂದಿರಾ? ಮೊದಲು ನಾಲಿಗೆ ಪಳಗಿಸಿ

ಜೋಹಾನ್ಸ್‌ಬರ್ಗ್‌ಗೋ ಡರ್ಬನ್‌ಗೋ ಕೆಲಸಕ್ಕೆ ಬರುವ ನಮ್ಮವರು ಮೊದಲು ಕೇಳುವುದು ಬಾಡಿಗೆ ಮನೆ, ಕಾರು, ಸೋನಾಮಸೂರಿ. ಅದೆಲ್ಲ ಹೇಗೋ ಆಗುತ್ತದೆ. ಆಫೀಸಿನಲ್ಲಿ ಪಕ್ಕ ಕೂರುವವರ ಹೆಸರು ಹೇಳುವುದನ್ನು ಮೊದಲು ಕಲಿಯಿರಿ. ಇಲ್ಲಿನ ಜುಲು, ಕೋಸಾ ಭಾಷೆಗಳ ಹೆಸರುಗಳಲ್ಲಿ ಸಿ, ಕ್ಯೂ, ಎಕ್ಸ್ ಕಂಡರೆ ಅವು ಕ್ಲಿಕ್‌ಗಳು, ಅಂದರೆ ನಾಲಿಗೆಯಿಂದ ಟಕ್ ಅನ್ನಿಸುವ ಸದ್ದುಗಳು. ಎಲ್ಲಕ್ಕೂ ‘ಕ’ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ಅದು ಅವರ ಹೆಸರಲ್ಲ ಅಲ್ವಾ?

ಸಿ ಸುಲಭ. ಅಯ್ಯೋ ಪಾಪ ಅಂತ ಲೊಚಗುಟ್ಟುತ್ತೇವಲ್ಲ, ಅದೇ. ಎಕ್ಸ್‌ಗೆ ನಾಲಿಗೆ ತುದಿ ‘ಲ’ ಜಾಗದಲ್ಲೇ ಇರಲಿ, ದವಡೆ ಹಲ್ಲಿನ ಪಕ್ಕದಿಂದ ಗಾಳಿ ಒಳಗೆಳೆಯಿರಿ. ಕ್ಯೂ ನನಗಂತೂ ಜಾಸ್ತಿ ಕಷ್ಟ: ನಾಲಿಗೆ ತುದಿಯನ್ನು ಹಲ್ಲಿನಿಂದ ಹಿಂದೆ ಅಂಗುಳಿಗೆ ಒತ್ತಿ ಪಟ್ಟಂತ ಕೆಳಗೆ ಬಿಡಬೇಕು, ಬಾಟಲಿಯ ಬಿರಡೆ ಕಿತ್ತ ಹಾಗೆ ಕೇಳಬೇಕು. ಮೂರರಲ್ಲೂ ನಾಲಿಗೆಯ ಹಿಂಭಾಗ ‘ಕ’ ಜಾಗದಲ್ಲಿ ಅಂಟಿರುತ್ತದೆ, ಶ್ವಾಸಕೋಶದ ಗಾಳಿಗೆ ಇಲ್ಲಿ ಕೆಲಸವೇ ಇಲ್ಲ. ಅದಕ್ಕೇ ಮೂಗಿನಲ್ಲಿ ಗುನುಗುತ್ತಲೇ ಕ್ಲಿಕ್ ಮಾಡಬಹುದು, ಮಾಡಿ ನೋಡಿ.

ಇಲ್ಲಿ ಕನ್ನಡದವರಿಗೆ ಸ್ವಲ್ಪ ಲಾಭವಿದೆ. ಸಿ ನಂತರ ಎಚ್ ಬಂದರೆ ಅದು ಮಹಾಪ್ರಾಣ, ಮುಂಚೆ ಜಿ ಬಂದರೆ ದನಿ ಭಾರವಾಗುತ್ತದೆ, ಎನ್ ಬಂದರೆ ಅನುನಾಸಿಕ. ಕ್ಯೂ, ಎಕ್ಸ್‌ಗೂ ಹಾಗೇ. ಶಾಲೆಯಲ್ಲಿ ಕ ಖ ಗ ಘ ಙ ಬಾಯಿಪಾಠ ಮಾಡಿದವರಿಗೆ ಈ ಸಾಲು ಹೊಸದಲ್ಲ. ಪೋರ್ಟ್ ಎಲಿಜಬೆತ್‌ಗೆ 2021ರಲ್ಲಿ ಬಂದ ಹೊಸ ಹೆಸರು (Gqeberha) ಶುರುವಾಗುವುದೇ ಜಿ-ಕ್ಯೂನಿಂದ. ಪ್ರಾಕ್ಟೀಸ್ ಅದರಲ್ಲೇ ಮಾಡಿ.

ನಿಜವಾದ ಕಷ್ಟ ಕ್ಲಿಕ್ ಅಲ್ಲ, ಅದಕ್ಕೆ ಸ್ವರ ಸೇರಿಸುವುದು. ಕ್ಲಿಕ್ ಮಾಡಿ, ನಿಂತು, ಆಮೇಲೆ ‘ಆ’ ಅಂದರೆ ಪದ ಮುರಿದುಹೋಗುತ್ತದೆ. ಎರಡೂ ಒಟ್ಟಿಗೆ ಬರಬೇಕು. ಜುಲುವಿನಲ್ಲಿ ವಿನಯದಿಂದ ನೀರು ಕೇಳಲೂ ಕ್ಲಿಕ್ ಬೇಕು, ‘ಇಲ್ಲ’ ಅನ್ನಲೂ ಬೇಕು. ಸುಮ್ನೆ ದಿನವಿಡೀ ಅಭ್ಯಾಸ ಆಗುತ್ತದೆ.

ಈ ಕ್ಲಿಕ್‌ಗಳು ಮೂಲತಃ ಇಲ್ಲಿನ ಮೂಲನಿವಾಸಿಗಳಾದ ಖೋಯಿಖೋಯಿ, ಸಾನ್ ಜನರ ಭಾಷೆಗಳಿಂದ ಬಂದ ಸದ್ದುಗಳು. ಮಾವನ ಹೆಸರಿನ ಅಕ್ಷರಗಳನ್ನು ಸೊಸೆ ಉಚ್ಚರಿಸಬಾರದೆಂಬ ‘ಹ್ಲೋನಿಪಾ’ ಪದ್ಧತಿಯಿಂದ ಕ್ಲಿಕ್ ಇರುವ ಬದಲಿ ಪದಗಳು ಹೆಚ್ಚಿದವು ಎನ್ನುತ್ತಾರೆ ಭಾಷಾತಜ್ಞರು. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯರಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು.

ಇನ್ನು ಪಕ್ಕದ ದೇಶ ಲೆಸೊಥೊ ಕಡೆ ಹೋಗುವವರಿಗೆ ಕೆಲಸ ಕಡಿಮೆ: ಅಲ್ಲಿನ ಭಾಷೆ ಸೆಸೂತೊದಲ್ಲಿ ಇರುವುದು ಕ್ಯೂ ಒಂದೇ. ಆದರೆ ಕಷ್ಟದ್ದೇ ಅದು.